ಗಣಕತೆರೆಯೂ ಒಂದು ಪಠ್ಯ: ಲಿನಕ್ಸ್ ಮತ್ತು ಕನ್ನಡ ವಿಭಾಗಗಳ ಹೊಣೆ

ಕನ್ನಡ ಗ್ರಂಥಸಂಪಾದನೆಯ ಚರಿತ್ರೆಯನ್ನು ನಾವು ಲಿಪಿಕಾರರ ಚರಿತ್ರೆಯಿಂದ ಬೇರ್ಪಡಿಸಿ ನೋಡುವುದಿಲ್ಲ. ಓಲೆಗರಿಯ ಸ್ವರೂಪ, ಲಿಪಿಕಾರನ ಪ್ರಾದೇಶಿಕ ಉಚ್ಚಾರಣೆ, ಅವನ ಕಣ್ತಪ್ಪು, ಕೆಲವೊಮ್ಮೆ ಅವನ ಅತಿಬುದ್ಧಿವಂತಿಕೆ ಇವೆಲ್ಲವೂ ಪಾಠಾಂತರಗಳಿಗೆ ಕಾರಣವಾಗುತ್ತವೆ ಎಂಬುದು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು (೧೯೬೪) ಓದಿದ ಪ್ರತಿಯೊಬ್ಬ ಎಂ.ಎ. ವಿದ್ಯಾರ್ಥಿಗೂ ತಿಳಿದ ವಿಷಯ. ಆದರೆ ಕಳೆದ ಮೂರು ದಶಕಗಳಿಂದ ಕನ್ನಡದ ಬಹುಪಾಲು ಬರವಣಿಗೆಯನ್ನು ಪ್ರತಿಮಾಡುತ್ತಿರುವ ಹೊಸ ಲಿಪಿಕಾರನಾದ ಗಣಕಯಂತ್ರದ ಬಗೆಗೆ ನಮ್ಮ ವಿಭಾಗಗಳು ಇದೇ ಬಗೆಯ ಪ್ರಶ್ನೆಗಳನ್ನು ಕೇಳಿದ್ದು ಕಡಿಮೆ. ಅದು ಅಕ್ಷರವನ್ನು ಯಾವ ರೂಪದಲ್ಲಿ ಇಟ್ಟುಕೊಳ್ಳುತ್ತದೆ, ಯಾವುದನ್ನು ಕೈಬಿಡುತ್ತದೆ, ಯಾರ ನಿಯಮದಂತೆ ವರ್ಣಾನುಕ್ರಮವನ್ನು ಜೋಡಿಸುತ್ತದೆ ಎಂಬ ಪ್ರಶ್ನೆಗಳನ್ನು ತಂತ್ರಜ್ಞರಿಗೆ ಸೇರಿದವೆಂದು ನಾವು ಬದಿಗಿಟ್ಟಿದ್ದೇವೆ. ಇವು ಭಾಷಾಶಾಸ್ತ್ರಕ್ಕೂ ಗ್ರಂಥಸಂಪಾದನೆಗೂ ಸೇರಿದ ಪ್ರಶ್ನೆಗಳು ಎಂಬುದು ಪ್ರಸ್ತುತ ಬರಹದ ನಿಲುವು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಗಣಕತೆರೆಯು ಈ ಪ್ರಶ್ನೆಗಳನ್ನು ಕೇಳಲು ಮಾತ್ರವಲ್ಲ, ಉತ್ತರವನ್ನು ನಾವೇ ಬರೆಯಲು ಅವಕಾಶ ನೀಡುತ್ತದೆ. ಆ ಅವಕಾಶವನ್ನು ಕನ್ನಡ ವಿಭಾಗಗಳು ಬಳಸಿಕೊಂಡಿಲ್ಲ.

ಬೆಂಗಳೂರಿನ ಉಪ್ಪಾರಪೇಟೆ, ಬಳೇಪೇಟೆ, ಚಿಕ್ಕಪೇಟೆ, ಗಾಂಧಿನಗರಗಳ ಓಣಿಗಳು ಬಹುಕಾಲದಿಂದ ಕನ್ನಡ ಪುಸ್ತಕೋದ್ಯಮದ ಒಂದು ಕೇಂದ್ರ. ಮೊಳೆ ಜೋಡಿಸುವವರ ಜಾಗಕ್ಕೆ ಡಿಟಿಪಿ ಅಂಗಡಿಗಳು ಬಂದಮೇಲೆ ಸಂಶೋಧನ ಪ್ರಬಂಧಗಳ ಅಕ್ಷರಜೋಡಣೆಯೂ ಈ ಸುತ್ತಿನಲ್ಲಿ ನಡೆಯಿತು, ಇಂದಿಗೂ ನಡೆಯುತ್ತಿದೆ. ಪ್ರಕಾಶಕ್, ಶ್ರೀಲಿಪಿ, ಶೇಷಾದ್ರಿವಾಸು ಅವರ ಬರಹ (೧೯೯೮), ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಇವು ಈ ಅಂಗಡಿಗಳ ಮುಖ್ಯ ಸಾಧನಗಳಾಗಿದ್ದವು. ಇವುಗಳ ಉಪಕಾರ ದೊಡ್ಡದು. ಕನ್ನಡವನ್ನು ಸಾಮಾನ್ಯನ ಗಣಕಕ್ಕೆ ತಂದವರು ಇವರೇ. ಆದರೆ ಆ ಕಾಲದ ಇವೆಲ್ಲವೂ ಒಂದು ಉಪಾಯವನ್ನು ಅವಲಂಬಿಸಿದ್ದವು. ಇಂಗ್ಲಿಷ್ ಮತ್ತು ಐರೋಪ್ಯ ಭಾಷೆಗಳ ಅಕ್ಷರಗಳಿಗೆಂದು ಮೀಸಲಾದ ಇನ್ನೂರೈವತ್ತಾರು ಮನೆಗಳಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸುವುದೇ ಆ ಉಪಾಯ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಜೋಡಿಸಿದ ‘ಕ’ಕಾರವನ್ನು ಆ ಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಇಂಗ್ಲಿಷಿನ ‘ಪಿ’ ಮತ್ತು ಅದರ ಮಗ್ಗುಲಲ್ಲಿ ತಲೆಯ ಮೇಲೊಂದು ಓರೆಗೀಟು ಹೊತ್ತ ‘ಎ’. ಗಣಕದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೇ ಇಲ್ಲ. ‘ಕರ್ಮ’ ಎಂಬ ಪದದಲ್ಲಿ ರೇಫವು ಮಕಾರದ ಮೊದಲು ಉಚ್ಚಾರವಾದರೂ ಕಣ್ಣಿಗೆ ಅರ್ಕಾವೊತ್ತಾಗಿ ಅನಂತರ ಕಾಣುವುದರಿಂದ, ಕಡತದಲ್ಲಿಯೂ ಅದು ಮಕಾರದ ಅನಂತರವೇ ದಾಖಲಾಗುತ್ತಿತ್ತು. ಅಂದರೆ ಇಲ್ಲಿ ಉಳಿದದ್ದು ಬರವಣಿಗೆಯ ಚಿತ್ರ. ಭಾಷೆ ಉಳಿಯಲಿಲ್ಲ.

ಇದರ ಪರಿಣಾಮ ಸಂಶೋಧನೆಯ ಮೇಲೆ ನೇರವಾಗಿದೆ. ಶೋಧಗಂಗಾ ಭಂಡಾರದಲ್ಲಿ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕನ್ನಡ ಪ್ರಬಂಧವೊಂದನ್ನು ತೆರೆದರೆ ಅದನ್ನು ಓದಬಹುದು, ಆದರೆ ಅದರೊಳಗೆ ಒಂದು ಪದವನ್ನು ಹುಡುಕಲು ಬರುವುದಿಲ್ಲ. ಪೂರ್ವಸಂಶೋಧನೆಯ ಸಮೀಕ್ಷೆ ಎಂಬ ಅಧ್ಯಾಯವನ್ನು ಬರೆಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಪುಟಪುಟವನ್ನು ಕಣ್ಣಿನಿಂದಲೇ ಶೋಧಿಸಬೇಕು. ನನ್ನ ಅಧ್ಯಯನದ ಆಕರಸಾಮಗ್ರಿಯ ಒಂದು ಭಾಗವನ್ನು ಇಂತಹ ಅಂಗಡಿಯೊಂದರಲ್ಲಿ ಜೋಡಿಸಿದ್ದರು. ಮುಂದೆ ಅದನ್ನು ಮತ್ತೊಂದು ಅಕ್ಷರಶೈಲಿಗೆ ಮಾರ್ಪಡಿಸಿಕೊಟ್ಟಾಗ ಹಳಗನ್ನಡ ಉದ್ಧೃತಿಗಳ ೞಕಾರಗಳೆಲ್ಲ ಸದ್ದಿಲ್ಲದೆ ಳಕಾರಗಳಾಗಿದ್ದವು, ಱಕಾರಗಳು ರಕಾರಗಳಾಗಿದ್ದವು. ಅಂಗಡಿಯವರ ಪಾಲಿಗೆ ಅದು ದೋಷವಲ್ಲ, ಓದಲು ಅಡ್ಡಿಯಾಗದ ಸರಳೀಕರಣ. ಹದಿನೈದನೆಯ ಶತಮಾನದ ಲಿಪಿಕಾರನೂ ಹೀಗೆಯೇ ಸಮಜಾಯಿಷಿ ಹೇಳಿರಬಹುದು! ರಳ, ಕುಳ, ಕ್ಷಳಗಳ ಭೇದವನ್ನು ತಿಳಿಸಲು ಕೇಶಿರಾಜನು ಪಟ್ಟ ಶ್ರಮವನ್ನು ತರಗತಿಯಲ್ಲಿ ಪಾಠಮಾಡುವ ನಾವು, ಅದೇ ಭೇದವು ನಮ್ಮ ಪ್ರಬಂಧದಲ್ಲಿ ಅಳಿಯುವುದನ್ನು ನೋಡಿಯೂ ಸುಮ್ಮನಿರುತ್ತೇವೆ.

ಯೂನಿಕೋಡ್ ಈ ಸಮಸ್ಯೆಗೆ ತಾತ್ತ್ವಿಕವಾದ ಪರಿಹಾರ. ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ನೂರಿಪ್ಪತ್ತೆಂಟು ಸ್ಥಾನಗಳ ಪ್ರತ್ಯೇಕ ಕ್ಷೇತ್ರ ದೊರೆಯಿತು. ದಶಮಾನದಲ್ಲಿ ಹೇಳುವುದಾದರೆ ೩೨೦೦ರಿಂದ ೩೩೨೭ರವರೆಗೆ. ನುಡಿಯ ಈಚಿನ ಆವೃತ್ತಿಗಳೂ ಯೂನಿಕೋಡನ್ನು ಒದಗಿಸುತ್ತವೆ. ಹಾಗಾದರೆ ಲಿನಕ್ಸಿನ ಮಾತೇಕೆ, ವಿಂಡೋಸಿನಲ್ಲಿಯೂ ಯೂನಿಕೋಡ್ ಇದೆಯಲ್ಲ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ‘ತುಂಗ’ ಎಂಬ ಕನ್ನಡ ಅಕ್ಷರಶೈಲಿ ಇತ್ತು. ವ್ಯತ್ಯಾಸವಿರುವುದು ಕನ್ನಡ ಕಾಣಿಸುತ್ತದೆಯೋ ಇಲ್ಲವೋ ಎಂಬಲ್ಲಿ ಅಲ್ಲ. ಕಾಣಿಸುವ ಕನ್ನಡ ತಪ್ಪಾಗಿದ್ದಾಗ ಅದನ್ನು ತಿದ್ದುವ ಹಕ್ಕು ಯಾರಿಗಿದೆ ಎಂಬಲ್ಲಿ ಇದೆ.

ಇದಕ್ಕೆ ಅತ್ಯಂತ ಹತ್ತಿರದ ಉದಾಹರಣೆ ಕೀಲಿಮಣೆಯದು. ಕಿನ್ನಿಕಂಬಳ ಪದ್ಮನಾಭರಾಯರು, ಅಂದರೆ ಕೆ.ಪಿ. ರಾವ್ ಅವರು, ಕನ್ನಡದ ಧ್ವನಿವ್ಯವಸ್ಥೆಯನ್ನು ಅರಿತು ರೂಪಿಸಿದ ಕೀಲಿವಿನ್ಯಾಸವು ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡದ ವರ್ಣಮಾಲೆಯನ್ನು ಅಡಗಿಸಿತು. ಸ್ವರಕ್ಕೂ ಅದರ ಚಿಹ್ನೆಗೂ ಒಂದೇ ಕೀಲಿ, ಅಲ್ಪಪ್ರಾಣ ಮಹಾಪ್ರಾಣಗಳಿಗೆ ಒಂದೇ ಕೀಲಿಯ ಎರಡು ಸ್ಥಿತಿ, ಒತ್ತಕ್ಷರಕ್ಕೆ ‘ಎಫ್’ ಕೀಲಿಯ ಕೊಂಡಿ. ವ್ಯಾಕರಣವನ್ನು ಬಲ್ಲವನು ಮಾತ್ರ ಇಂತಹ ವಿನ್ಯಾಸವನ್ನು ಮಾಡಬಲ್ಲ. ತಮ್ಮ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಇಟ್ಟದ್ದು ಈ ನಂಟನ್ನೇ ಸೂಚಿಸುತ್ತದೆ. ಇದೇ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಶಿಷ್ಟವಾಗಿ ಅಂಗೀಕರಿಸಿತು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ಅದನ್ನು ನುಡಿಯ ಮೂಲಕ ನಾಡಿನಾದ್ಯಂತ ಹರಡಿತು.

ಇದರ ಮುಂದಿನ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಇಂದು ಜಗತ್ತಿನ ಯಾವುದೇ ಭಾಗದಲ್ಲಿ ಲಿನಕ್ಸ್ ಗಣಕವೊಂದನ್ನು ತೆರೆದು ಕೀಲಿವಿನ್ಯಾಸಗಳ ಪಟ್ಟಿಯನ್ನು ನೋಡಿದರೆ ಅಲ್ಲಿ ‘ಕಗಪ’ ಎಂಬ ಹೆಸರು ಸಿಗುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಸಂಕ್ಷಿಪ್ತ ರೂಪ. ಕನ್ನಡಕ್ಕೆ ಮಾತ್ರವಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ‘ಕಗಪ’ ವಿನ್ಯಾಸಗಳು ಅಲ್ಲಿವೆ. ಚಾಮರಾಜಪೇಟೆಯ ಸಂಸ್ಥೆಯೊಂದರ ಹೆಸರು ಹೀಗೆ ಪರಭಾಷೆಗಳ ಬರವಣಿಗೆಯ ವಿಧಾನಕ್ಕೆ ಹೆಸರಾದುದು ಮೂಲಕಡತಗಳು ಎಲ್ಲರಿಗೂ ತೆರೆದಿದ್ದುದರಿಂದ. ಯಾರೋ ಆಸಕ್ತರು ಒಂದು ಸಾಲುಪಟ್ಟಿಯನ್ನು ಬರೆದು ಸೇರಿಸಿದರು, ಪರಿಶೀಲಿಸಿದವರು ಒಪ್ಪಿದರು. ವಿಂಡೋಸಿಗೆಂದು ರಚಿತವಾದ ನುಡಿಯು ಕರ್ನಾಟಕದ ಗಡಿಯೊಳಗೇ ಹೆಚ್ಚಾಗಿ ಉಳಿಯಿತು. ಅದರ ಕೀಲಿವಿನ್ಯಾಸ ಮಾತ್ರ ಲಿನಕ್ಸಿನ ಮೂಲಕ ಗಡಿ ದಾಟಿತು.

ಲಿನಕ್ಸಿನ ಗಣಕತೆರೆಯನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವುದು ಎಂದರೆ ಹಿನ್ನೆಲೆಯ ಚಿತ್ರವನ್ನೋ ಬಣ್ಣವನ್ನೋ ಬದಲಿಸುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಇದರ ಅತ್ಯಂತ ಮೇಲ್ಪದರ. ೧೯೮೩ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆಯ ಹಿಂದಿದ್ದ, ೧೯೯೧ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರಚಿಸಿದ ತಿರುಳಿನೊಂದಿಗೆ ಬೆಳೆದ ಈ ಪರಂಪರೆಯಲ್ಲಿ ವ್ಯವಸ್ಥೆಯ ಬಹುಪಾಲು ನಿಯಮಗಳು ಓದಬಲ್ಲ ಸರಳ ಪಠ್ಯದ ಕಡತಗಳಾಗಿವೆ. ಎಂ೧೭ಎನ್ ಎಂಬ ಬರವಣಿಗೆ ವ್ಯವಸ್ಥೆಯ ಕನ್ನಡ ಕಡತವನ್ನು ತೆರೆದರೆ ಎಡಗಡೆ ಒತ್ತಬೇಕಾದ ಕೀಲಿ, ಬಲಗಡೆ ಮೂಡಬೇಕಾದ ಅಕ್ಷರ ಎಂಬ ಜೋಡಿಗಳು ಸಾಲುಸಾಲಾಗಿ ಕಾಣುತ್ತವೆ. ಅದು ಒಂದು ಪದಕೋಶದಷ್ಟೇ ಸರಳ. ಹಳಗನ್ನಡ ಪಠ್ಯಗಳನ್ನು ಪ್ರತಿಮಾಡುವ ನನಗೆ ೞ ಮತ್ತು ಱ ಕಾರಗಳು ಪದೇ ಪದೇ ಬೇಕಾಗುವುದರಿಂದ, ಆ ಕಡತದ ಪ್ರತಿಯೊಂದನ್ನು ನನ್ನ ಸ್ವಂತ ಕಡತಕೋಶಕ್ಕೆ ತೆಗೆದುಕೊಂಡು, ಬೆರಳಿಗೆ ಒಗ್ಗುವ ಕೀಲಿಗಳಿಗೆ ಅವನ್ನು ಹೊಂದಿಸಿಕೊಂಡಿದ್ದೇನೆ. ಬರೆದದ್ದು ಎರಡು ಸಾಲು. ಅದಕ್ಕೆ ತಂತ್ರಾಂಶಶಾಸ್ತ್ರದ ಪದವಿ ಬೇಕಾಗಲಿಲ್ಲ, ಯಾರ ಅನುಮತಿಯೂ ಬೇಕಾಗಲಿಲ್ಲ. ಶಾಸನಗಳ ಮೇಲೆ ಕೆಲಸ ಮಾಡುವವರು ತಮಗೆ ಬೇಕಾದ ಚಿಹ್ನೆಗಳಿಗೆ, ಜಾನಪದ ಸಂಗ್ರಹಕಾರರು ಉಪಭಾಷೆಯ ಧ್ವನಿಗಳಿಗೆ, ತುಳು ಕೊಡವ ಪಠ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವವರು ತಮ್ಮ ವಿಶೇಷ ಅಗತ್ಯಗಳಿಗೆ ಹೀಗೆಯೇ ತಂತಮ್ಮ ಕೀಲಿಮಣೆಗಳನ್ನು ರೂಪಿಸಿಕೊಳ್ಳಬಹುದು.

ಅಕ್ಷರಶೈಲಿಗಳ ವಿಷಯದಲ್ಲಿಯೂ ಸ್ಥಿತಿ ಇಪ್ಪತ್ತು ವರ್ಷಗಳ ಹಿಂದಿನಂತಿಲ್ಲ. ಆಗ ಲಿನಕ್ಸಿನಲ್ಲಿ ಕನ್ನಡವೆಂದರೆ ಕೇದಗೆ, ಮಲ್ಲಿಗೆ, ರೆಡ್ ಹ್ಯಾಟ್ ಸಂಸ್ಥೆ ಪ್ರಕಟಿಸಿದ ಲೋಹಿತ್ ಇಷ್ಟೇ ಎನ್ನಬೇಕು. ಅನಂತರ ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು, ಗೂಗಲ್ಲಿನ ನೋಟೊ ಬಂದವು. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ದ್ವಿಭಾಷಾ ಆವೃತ್ತಿಗಳಿಗೆಂದು ರೂಪುಗೊಂಡ ತಿರೊ ಕನ್ನಡವೂ ಈಗ ಮುಕ್ತ ಪರವಾನಗಿಯಲ್ಲಿ ದೊರೆಯುತ್ತದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯವು ಆ ಮಾಲೆಯಲ್ಲಿ ಅಚ್ಚಾದದ್ದು ೨೦೧೭ರಲ್ಲಿ. ಮುಕ್ತ ಪರವಾನಗಿಯ ಅಕ್ಷರಶೈಲಿಯಲ್ಲಿ ಒಂದು ಒತ್ತಕ್ಷರ ಸರಿಯಿಲ್ಲದಿದ್ದರೆ ಫಾಂಟ್‌ಫೋರ್ಜ್ ಎಂಬ ಸಾಧನದಿಂದ ಅದನ್ನು ತಿದ್ದಬಹುದು. ಅಕ್ಷರಗಳನ್ನು ಪರದೆಯ ಮೇಲೆ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವೂ ಮುಕ್ತವೇ. ಆ ಹೆಸರು ಪಾರಸಿಯದು, ‘ತೆರೆದ ಅಕ್ಷರ’ ಎಂಬ ಅರ್ಥದ್ದು. ನಮ್ಮ ಕೈಯ ಆಂಡ್ರಾಯ್ಡ್ ಮೊಬೈಲಿನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುವುದು ಅದರ ದೆಸೆಯಿಂದ.

ನಾವು ದೂರ ಉಳಿದುದಕ್ಕೆ ತೆತ್ತ ಬೆಲೆ ಏನೆಂಬುದಕ್ಕೆ ೞಕಾರವೇ ಸಾಕ್ಷಿ. ಯೂನಿಕೋಡಿನಲ್ಲಿ ಅದರ ಸ್ಥಾನ ೩೨೯೪. ಆ ಸ್ಥಾನದ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’ ಎಂದು! ಪಂಪನೂ ರನ್ನನೂ ಬಳಸಿದ ಅಕ್ಷರವೊಂದು ಜಾಗತಿಕ ದಾಖಲೆಯಲ್ಲಿ ಇಂಗ್ಲಿಷಿನ ‘ಎಫ್’ ಧ್ವನಿಯ ಹೆಸರನ್ನು ಹೊತ್ತು ಕುಳಿತಿದೆ. ಒಮ್ಮೆ ನೀಡಿದ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ಕಟ್ಟುನಿಟ್ಟಾದ ನಿಯಮ. ಆದ್ದರಿಂದ ತಪ್ಪು ತಿಳಿದಮೇಲೂ ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ತಿದ್ದುಪಡಿಯ ಉಪನಾಮವಾಗಿ ಪಕ್ಕದಲ್ಲಿ ಸೇರಿಸಲಾಯಿತು. ಹಳಗನ್ನಡವನ್ನು ಓದಿದ ಒಬ್ಬ ಅಧ್ಯಾಪಕರು ಆ ಕರಡನ್ನು ಸಕಾಲದಲ್ಲಿ ನೋಡಿದ್ದರೆ ಈ ತಪ್ಪು ಉಳಿಯುತ್ತಿರಲಿಲ್ಲ ಎಂದು ನನ್ನ ಭಾವನೆ. ಸಂಕೇತಸಂಖ್ಯೆಯ ಕ್ರಮದಲ್ಲಿಯೇ ಪದಗಳನ್ನು ಜೋಡಿಸಿದರೆ ೞಕಾರವು ವ್ಯಂಜನಗಳನ್ನೂ ಸ್ವರಚಿಹ್ನೆಗಳನ್ನೂ ದಾಟಿ ಅಂಕಿಗಳ ಹತ್ತಿರ ಹೋಗಿ ಬೀಳುತ್ತದೆ. ಅದನ್ನು ತಡೆಯಲು ವರ್ಣಾನುಕ್ರಮದ ನಿಯಮವನ್ನು ಬೇರೆಯಾಗಿ ಬರೆಯಬೇಕು. ಪದಸೂಚಿ ಸಿದ್ಧಪಡಿಸುವ ಸಂಪಾದಕನಿಗೆ ಇದು ಸಣ್ಣ ವಿಷಯವಲ್ಲ. ಇದೇ ವ್ಯವಸ್ಥೆಗೆ ೨೦೨೧ರಲ್ಲಿ ‘ನಕಾರ ಪೊಲ್ಲು’ ಎಂಬ ಹಳಗನ್ನಡದ ಚಿಹ್ನೆಯು ಸೇರ್ಪಡೆಯಾಯಿತು ಎಂಬುದನ್ನೂ ಇಲ್ಲಿ ಗಮನಿಸಬೇಕು. ಶಾಸನ, ಹಸ್ತಪ್ರತಿ, ಮುದ್ರಿತ ಗ್ರಂಥಗಳ ಆಧಾರವನ್ನು ಒದಗಿಸಿ ಪ್ರಸ್ತಾವ ಸಲ್ಲಿಸಿದರೆ ಅಲ್ಲಿ ಬಾಗಿಲು ತೆರೆಯುತ್ತದೆ. ಆಧಾರಗಳನ್ನು ಒದಗಿಸುವುದಂತೂ ನಮ್ಮ ಕಸುಬೇ ಆಗಿದೆ.

ಮತ್ತೊಂದು ಸೂಕ್ಷ್ಮವನ್ನು ಪದಾಧ್ಯಯನ ಮಾಡುವವರು ಗಮನಿಸಬೇಕು. ‘ಸೂರ್ಯ’ ಎಂದು ಅರ್ಕಾವೊತ್ತಿನಿಂದಲೂ ‘ಸೂರ‍್ಯ’ ಎಂದು ಯಕಾರದ ಒತ್ತಿನಿಂದಲೂ ಬರೆಯುವುದು ನಮ್ಮಲ್ಲಿ ರೂಢಿ. ಯೂನಿಕೋಡಿನಲ್ಲಿ ಎರಡನೆಯ ರೂಪವನ್ನು ಪಡೆಯಲು ರಕಾರದ ಅನಂತರ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಸೇರಿಸಬೇಕಾಗುತ್ತದೆ. ಓದುಗನಿಗೆ ಇವೆರಡೂ ಒಂದೇ ಪದ, ಸರಳ ಹುಡುಕಾಟಕ್ಕೆ ಬೇರೆ ಬೇರೆ ಪದ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಲು ಅನುವಾಗುವಂತೆ ಮಾಡಿರುವ ‘ವಚನ ಸಂಚಯ’ದಂತಹ ಕೆಲಸದಲ್ಲಿ, ಹಳೆಯ ಅಕ್ಷರಶೈಲಿಯಿಂದ ಯೂನಿಕೋಡಿಗೆ ಪಠ್ಯವನ್ನು ತರುವಾಗ ಎದುರಾಗುವ ತೊಡಕುಗಳು ಇಂತಹವೇ. ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಮೊದಲಾದವರ ಒಡನಾಟದಲ್ಲಿ ನಡೆಸಿದ ಆ ಕಾರ್ಯವನ್ನು ನಮ್ಮ ವಿಭಾಗಗಳು ಬಳಸುತ್ತಿವೆ, ಆದರೆ ಅದರ ವಿಧಾನವನ್ನು ಪಠ್ಯಕ್ರಮದಲ್ಲಿ ಚರ್ಚಿಸುತ್ತಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ೨೦೧೯ರಲ್ಲಿ ಮುಕ್ತ ದತ್ತಾಂಶವಾಗಿ ಹೊರಬಂದಾಗಲೂ ಹೀಗೆಯೇ ಆಯಿತು. ಒಂದೂವರೆ ಲಕ್ಷದಷ್ಟು ಉಲ್ಲೇಖಗಳಿರುವ, ಯಾರು ಬೇಕಾದರೂ ಪಡೆದು ವಿಶ್ಲೇಷಿಸಬಹುದಾದ ನಿಘಂಟಿನ ಬಗೆಗೆ ಎಷ್ಟು ಸಂಶೋಧನ ಲೇಖನಗಳು ಬರಬೇಕಾಗಿತ್ತು!

ಇನ್ನು ಗಣಕತೆರೆಯ ಭಾಷೆಯ ವಿಚಾರ. ಇಡೀ ವಿಷಯದಲ್ಲಿ ಕನ್ನಡ ಅಧ್ಯಾಪಕರ ಕಣ್ಣು ತಕ್ಷಣ ಬೀಳಬೇಕಾದುದು ಇಲ್ಲಿ. ೨೦೦೦ದ ಸುಮಾರಿಗೆ ಆರಂಭವಾದ ಇಂಡ್‌ಲಿನಕ್ಸ್ ಯೋಜನೆ, ೨೦೦೧ರಿಂದ ‘ಲಿನಕ್ಸ್ ಬೆಂಗಳೂರು’ ಎಂದೂ ಮುಂದೆ ‘ಫಾಸ್ ಡಾಟ್ ಇನ್’ ಎಂದೂ ನಡೆದ ಸಮ್ಮೇಳನಗಳು, ಅದೇ ೨೦೦೧ರಲ್ಲಿ ಬೆಂಗಳೂರಿನಲ್ಲಿಯೇ ಪ್ರಕಟವಾದ, ಲಿನಕ್ಸನ್ನು ಆಧರಿಸಿದ ‘ಸಿಂಪ್ಯೂಟರ್’ ಇವೆಲ್ಲ ಒಂದು ಉತ್ಸಾಹದ ಕಾಲಕ್ಕೆ ಸೇರಿದವು. ಗ್ನೋಮ್, ಕೆಡಿಇ ಎಂಬ ಎರಡು ಮುಖ್ಯ ಗಣಕತೆರೆಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರು ಆ ಕಾಲದವರು. ಹಗಲು ಉದ್ಯೋಗ ಮುಗಿಸಿ ರಾತ್ರಿ ಕುಳಿತು ಸಾವಿರಾರು ವಾಕ್ಯಗಳನ್ನು ಅನುವಾದಿಸಿದ ಇವರ ಸಾಧನೆಯನ್ನು ಗೌರವದಿಂದಲೇ ನೋಡಬೇಕು. ‘ಡೆಸ್ಕ್‌ಟಾಪ್’ ಎಂಬುದಕ್ಕೆ ‘ಗಣಕತೆರೆ’, ‘ಫೋಲ್ಡರ್’ ಎಂಬುದಕ್ಕೆ ‘ಕಡತಕೋಶ’, ‘ಪಾಸ್‌ವರ್ಡ್’ ಎಂಬುದಕ್ಕೆ ‘ಗುಪ್ತಪದ’ ಇವು ಅವರು ರೂಢಿಗೆ ತಂದ ಪದಗಳು. ‘ಕಡತ’ ಎಂಬುದು ಆಡಳಿತ ಕನ್ನಡದ ಮೂಲಕ ಬಂದ ಪದ. ಆದರೆ ಅದರ ಹಿಂದಿರುವ ವಸ್ತು ಇನ್ನೂ ಹಳೆಯದು. ಹುಣಿಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಮಡಿಸಿಟ್ಟು, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಾದ ಸಾಧನ ಅದು. ಓಲೆಗರಿಗಾಗಲಿ ಕಾಗದಕ್ಕಾಗಲಿ ಇಲ್ಲದ ಈ ಗುಣದಿಂದಾಗಿ ಗಣಕದ ‘ಫೈಲ್’ಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ಅನುವಾದಕರಿಗೆ ಈ ಹಿನ್ನೆಲೆ ತಿಳಿದಿತ್ತೋ ಇಲ್ಲವೋ, ಪದ ಮಾತ್ರ ಸರಿಯಾಗಿ ಕೂತಿದೆ.

ಪದಗಳಿಗಿಂತ ಹೆಚ್ಚಿನ ಸಮಸ್ಯೆಯಿರುವುದು ವಾಕ್ಯರಚನೆಯಲ್ಲಿ. ತಂತ್ರಾಂಶದ ಮೂಲವಾಕ್ಯಗಳಲ್ಲಿ ಕಡತದ ಹೆಸರು ಬರಬೇಕಾದ ಕಡೆ ಒಂದು ತೆರವನ್ನು ಬಿಟ್ಟಿರುತ್ತಾರೆ, ಬಳಕೆಯ ಹೊತ್ತಿಗೆ ಗಣಕವು ಆ ತೆರವನ್ನು ತುಂಬುತ್ತದೆ. ಇಂಗ್ಲಿಷಿಗೆ ಇದು ತೊಡಕಲ್ಲ. ಕನ್ನಡದಲ್ಲಿ ವಿಭಕ್ತಿಪ್ರತ್ಯಯವು ನಾಮಪದಕ್ಕೆ ಸಂಧಿಯಾಗಿ ಸೇರಬೇಕು, ಪದಾಂತ್ಯವನ್ನು ಅನುಸರಿಸಿ ಯಕಾರ, ವಕಾರ, ನಕಾರ, ದಕಾರಗಳು ನಡುವೆ ಬರಬೇಕು. ಗಣಕಕ್ಕೆ ಕೇಶಿರಾಜನ ಪರಿಚಯವಿಲ್ಲ. ಫಲವಾಗಿ ‘ರಾಮಾಯಣ ಅನ್ನು ಅಳಿಸು’, ‘ಮೈಸೂರು ಇಂದ ತೆರೆ’ ಎಂಬಂತಹ, ಪ್ರತ್ಯಯಗಳು ಕೈಕಾಲು ಕಡಿದುಕೊಂಡು ದೂರ ನಿಂತ ಕನ್ನಡ ತೆರೆಯ ಮೇಲೆ ಮೂಡುತ್ತದೆ. ಇಂದು ಮೊಬೈಲುಗಳಲ್ಲಿ, ಬ್ಯಾಂಕಿನ ಸಂದೇಶಗಳಲ್ಲಿ, ಕಡೆಗೆ ಪತ್ರಿಕೆಗಳ ಶೀರ್ಷಿಕೆಗಳಲ್ಲಿಯೂ ಕಾಣುವ ಈ ಬಿಡಿ ‘ಅನ್ನು’ವಿನ ಒಂದು ತವರುಮನೆ ಇಂತಹ ತೆರವುಳ್ಳ ವಾಕ್ಯಗಳೇ ಎಂದು ನಾನು ಊಹಿಸುತ್ತೇನೆ. ಇದು ಪರಿಹಾರವಿಲ್ಲದ ತೊಡಕೇನಲ್ಲ. ‘ರಾಮಾಯಣ ಎಂಬ ಕಡತವನ್ನು ಅಳಿಸಬೇಕೆ?’ ಎಂದು ವಾಕ್ಯವನ್ನು ತಿರುಗಿಸಿ ಬರೆದರೆ ಪ್ರತ್ಯಯವು ನಮ್ಮ ಹಿಡಿತದಲ್ಲಿರುವ ‘ಕಡತ’ ಪದಕ್ಕೆ ಸೇರುತ್ತದೆ, ತೆರ ವಿನಲ್ಲಿ ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ. ವ್ಯಾಕರಣ ಪಾಠಮಾಡುವ ಯಾರಿಗೂ ಹೊಳೆಯಬಹುದಾದ ಪರಿಹಾರ ಇದು. ಆ ಕಡತಗಳನ್ನು ವ್ಯಾಕರಣ ಬಲ್ಲವರು ತೆರೆದು ನೋಡಬೇಕು, ಅಷ್ಟೆ.

ವಚನದ ಪ್ರಶ್ನೆಯೂ ಹೀಗೆಯೇ. ಅನುವಾದದ ಕಡತವು ಏಕವಚನಕ್ಕೊಂದು ಬಹುವಚನಕ್ಕೊಂದು ವಾಕ್ಯವನ್ನು ಕೇಳುತ್ತದೆ. ‘ಮೂರು ಕಡತಗಳು’ ಎಂದೇ ಬರೆಯಬೇಕೆ, ನಪುಂಸಕದಲ್ಲಿ ‘ಮೂರು ಕಡತ’ ಎಂಬ ಸಹಜ ರೂಪ ಸಾಲದೆ? ಕ್ರಿಯಾಪದದಲ್ಲಿ ‘ಉಳಿಸು’ ಎನ್ನಬೇಕೋ ‘ಉಳಿಸಿ’ ಎನ್ನಬೇಕೋ? ಬಳಕೆದಾರನು ಯಂತ್ರಕ್ಕೆ ಆಜ್ಞೆ ಮಾಡುವಾಗ ‘ಉಳಿಸು’ ಎಂಬ ಏಕವಚನ ಸರಿ. ಯಂತ್ರವು ಬಳಕೆದಾರನನ್ನು ಕೋರುವಾಗ ‘ಗುಪ್ತಪದವನ್ನು ನಮೂದಿಸಿ’ ಎಂಬ ಗೌರವ ರೂಪವೇ ಬೇಕು. ಈ ವಿವೇಕವನ್ನು ಒಂದು ಪುಟದ ಶೈಲಿಸೂತ್ರವಾಗಿ ಬರೆದುಕೊಟ್ಟರೆ ಎಷ್ಟೋ ಗೊಂದಲ ಕಳೆಯುತ್ತದೆ. ಪಾರಿಭಾಷಿಕ ಪದಗಳ ಬಗೆಗೆ ವಿಚಾರಸಂಕಿರಣಗಳನ್ನು ಏರ್ಪಡಿಸಿ ಸಂಪುಟಗಳನ್ನು ಹೊರತರುವ ನಾವು, ಜನರು ನಿತ್ಯ ನೋಡುವ ಈ ಪಠ್ಯವನ್ನು ತಿದ್ದಲು ಒಂದು ಮಧ್ಯಾಹ್ನವನ್ನೂ ಕೊಟ್ಟಿಲ್ಲ ಎಂಬುದು ಸ್ವಲ್ಪ ಕಠಿಣವಾದ ಮಾತಾದರೂ ಹೇಳಲೇಬೇಕು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎತ್ತಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ನಿಂತರು. ೨೦೦೭ರಲ್ಲಿ ಅವರು ತೀರಿಕೊಂಡ ಮೇಲೆ ಸಾಹಿತ್ಯವಲಯದಿಂದ ಅಷ್ಟು ಗಟ್ಟಿಯಾದ ದನಿ ಕೇಳಿಬಂದಿಲ್ಲ.

ಲಿನಕ್ಸಿನ ಪಕ್ಷದಲ್ಲಿ ವಾದಿಸುವಾಗ ಅದರ ಕೊರತೆಗಳನ್ನು ಮುಚ್ಚಿಡುವುದು ಪ್ರಾಮಾಣಿಕವಾಗದು. ಸ್ವಯಂಸೇವಕರು ಬೇರೆ ಕೆಲಸಗಳಿಗೆ ಹೋದಂತೆ ಕನ್ನಡ ಅನುವಾದಗಳು ಹಿಂದೆ ಬಿದ್ದಿವೆ. ಹೊಸ ಆವೃತ್ತಿಯಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣುವುದು ಅಪರೂಪವಲ್ಲ. ೧೯೮೭ರಿಂದ ಬಳಕೆಯಲ್ಲಿದ್ದ ಎಕ್ಸ್೧೧ ಎಂಬ ತೆರೆಯ ವ್ಯವಸ್ಥೆಯನ್ನು ಬಿಟ್ಟು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಗೆ ಹೋಗುವ ಬದಲಾವಣೆ ಈಗ ನಡೆಯುತ್ತಿದೆ. ೨೦೨೫ರ ಸೆಪ್ಟೆಂಬರಿನ ಗ್ನೋಮ್ ೪೯ರಲ್ಲಿ ಹಳೆಯದನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಲಾಗಿದೆ, ಅಕ್ಟೋಬರಿನ ಉಬುಂಟು ೨೫.೧೦ ಅದನ್ನೇ ಅನುಸರಿಸಿತು. ಎಕ್ಸ್೧೧ನ್ನೇ ನಂಬಿ ಬರೆದ ಹಳೆಯ ಸಣ್ಣಪುಟ್ಟ ಸಾಧನಗಳು ಇದರಿಂದ ಕೆಲಸಕ್ಕೆ ಬಾರದಾಗುತ್ತವೆ. ಆದರೆ ‘ಕಗಪ’ದಂತಹ ಕೀಲಿವಿನ್ಯಾಸಗಳು ಹೊಸ ವ್ಯವಸ್ಥೆಯಲ್ಲಿಯೂ ಹಾಗೆಯೇ ಮುಂದುವರಿದಿವೆ, ಏಕೆಂದರೆ ಅವು ಕ್ರಮವಿಧಿಗಳಲ್ಲ, ಬರೆದಿಟ್ಟ ಪಠ್ಯ.

ಡಿಟಿಪಿ ಅಂಗಡಿಗಳ ಆಕ್ಷೇಪಣೆಯನ್ನೂ ಪರಿಗಣಿಸಬೇಕು. ಪೇಜ್‌ಮೇಕರಿನ ಕೊನೆಯ ಪ್ರಧಾನ ಆವೃತ್ತಿ ಬಂದದ್ದು ೨೦೦೧ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಆದರೂ ಕನ್ನಡ ಪುಸ್ತಕಗಳ ಪುಟವಿನ್ಯಾಸ ಅದನ್ನೇ ನೆಚ್ಚಿಕೊಂಡು ಬಹುಕಾಲ ನಡೆಯಿತು. ಯೂನಿಕೋಡಿನಲ್ಲಿ ಕೊಟ್ಟ ಲೇಖನವನ್ನು ಮತ್ತೆ ಹಳೆಯ ಶೈಲಿಗೆ ಇಳಿಸಿ ಅಚ್ಚುಮಾಡುವ ಪದ್ಧತಿ ಹುಟ್ಟಿದ್ದು ಇದರಿಂದಲೇ. ಈಗ ಆ ಕಾರಣ ಉಳಿದಿಲ್ಲ. ೨೦೧೭ರ ಲಿಬ್ರೆಆಫೀಸ್ ೫.೩ರಿಂದ ಎಲ್ಲ ಬಗೆಯ ಗಣಕಗಳಲ್ಲಿಯೂ ಕನ್ನಡ ಅಕ್ಷರಜೋಡಣೆ ಒಂದೇ ರೀತಿ ನಡೆಯುತ್ತದೆ. ಸ್ಕ್ರೈಬಸ್ ಎಂಬ ಪುಟವಿನ್ಯಾಸದ ಮುಕ್ತ ತಂತ್ರಾಂಶವು ೨೦೨೪ರ ಜನವರಿಯ ೧.೬ ಆವೃತ್ತಿಯಲ್ಲಿ ನಮ್ಮಂತಹ ಸಂಕೀರ್ಣ ಲಿಪಿಗಳನ್ನು ಒಳಗೊಂಡಿದೆ. ಪಾಠಾಂತರಗಳೊಂದಿಗೆ ಕಾವ್ಯವನ್ನು ಸಂಪಾದಿಸುವವರಿಗೆ ಜೀಲೇಟೆಕ್ ಇನ್ನೂ ಉಪಯುಕ್ತ. ಪದ್ಯಸಂಖ್ಯೆ, ಸಾಲುಸಂಖ್ಯೆ, ಹಲವು ಅಂತಸ್ತಿನ ಅಡಿಟಿಪ್ಪಣಿಗಳನ್ನು ಅದು ತಾನಾಗಿಯೇ ಹೊಂದಿಸುತ್ತದೆ. ಅದರ ವಿಮರ್ಶಾತ್ಮಕ ಆವೃತ್ತಿಗಳ ಸಾಧನಕ್ಕೆ ಮೂಲವಾದ ‘ಎಡ್‌ಮ್ಯಾಕ್’ ಅನ್ನು ರಚಿಸಿದ ಇಬ್ಬರಲ್ಲಿ ಒಬ್ಬರಾದ ಡೊಮಿನಿಕ್ ವುಜಾಸ್ಟಿಕ್ ಸಂಸ್ಕೃತ ವಿದ್ವಾಂಸರು. ಗ್ರಂಥಸಂಪಾದಕನು ತನಗೆ ಬೇಕಾದ ಸಾಧನವನ್ನು ತಾನೇ ಮಾಡಿಕೊಂಡ ನಿದರ್ಶನವಿದು.

ಹಣದ ಮಾತನ್ನು ಕೊನೆಗೆ ಎತ್ತುತ್ತಿದ್ದೇನೆ, ಏಕೆಂದರೆ ಅದು ಮುಖ್ಯ ಕಾರಣವಲ್ಲ. ಆದರೂ ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ ೧೧ರ ಯಂತ್ರಾಂಶ ಷರತ್ತುಗಳನ್ನು ಪೂರೈಸದ ಗಣಕಗಳು ನಮ್ಮ ವಿಭಾಗಗಳಲ್ಲಿಯೂ ಕಾಲೇಜುಗಳಲ್ಲಿಯೂ ಸಾಕಷ್ಟಿವೆ. ಅವನ್ನು ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ರಾಶಿಗೆ ಸೇರಿಸುವ ಮೊದಲು ಡೆಬಿಯನ್ ಮತ್ತು ಎಕ್ಸ್‌ಎಫ್‌ಸಿಇಯಂತಹ ಹಗುರವಾದ ಗಣಕತೆರೆಯನ್ನು ಹಾಕಿ ನೋಡಬಹುದು. ಬರೆಯುವ, ಓದುವ, ಪದಸೂಚಿ ಮಾಡುವ ಕೆಲಸಕ್ಕೆ ಅವು ಇನ್ನೂ ಕೆಲವು ವರ್ಷ ಸಾಕಾಗುತ್ತವೆ.

ವಿಭಾಗಗಳು ಕೂಡಲೇ ಕೈಗೊಳ್ಳಬಹುದಾದ ಕೆಲಸ ಹೆಚ್ಚೇನಿಲ್ಲ. ಪಿಎಚ್.ಡಿ. ಪ್ರಬಂಧವನ್ನು ಯೂನಿಕೋಡಿನಲ್ಲಿಯೇ ಸಲ್ಲಿಸಬೇಕೆಂದು ನಿಯಮ ಮಾಡಬೇಕು, ಬರಿಯ ಪಿಡಿಎಫ್ ಸಾಲದು, ಮೂಲಕಡತವೂ ಜೊತೆಯಲ್ಲಿರಬೇಕು. ಹಳೆಯ ಪ್ರಬಂಧಗಳನ್ನು ಯೂನಿಕೋಡಿಗೆ ತರಲು ಮುಕ್ತವಾದ ಪರಿವರ್ತಕಗಳಿವೆ. ಪರಿವರ್ತನೆಯ ಅನಂತರ ಅದನ್ನು ಮೂಲದೊಂದಿಗೆ ಹೋಲಿಸಿ ತಿದ್ದುವ ಕೆಲಸವನ್ನು ಎಂ.ಎ. ಗ್ರಂಥಸಂಪಾದನೆಯ ಪತ್ರಿಕೆಯ ಪ್ರಾಯೋಗಿಕ ಭಾಗವಾಗಿಸಿದರೆ ವಿದ್ಯಾರ್ಥಿಗೆ ಪಾಠಾಂತರದ ಅನುಭವವಾಗುತ್ತದೆ, ನಾಡಿಗೆ ಹುಡುಕಬಲ್ಲ ಪ್ರಬಂಧವೊಂದು ದೊರೆಯುತ್ತದೆ. ವ್ಯಾಕರಣದ ಪತ್ರಿಕೆಯಲ್ಲಿ ಗ್ನೋಮಿನ ಒಂದು ಕನ್ನಡ ಅನುವಾದ ಕಡತವನ್ನು ಕೊಟ್ಟು ಬಿಡಿ ಪ್ರತ್ಯಯಗಳಿರುವ ವಾಕ್ಯಗಳನ್ನು ತಿದ್ದಿಸಬಹುದು. ತಿದ್ದುಪಡಿಯನ್ನು ಅದರ ನಿರ್ವಾಹಕರಿಗೆ ಕಳಿಸಿದರೆ ಮುಂದಿನ ಆವೃತ್ತಿಯಲ್ಲಿ ವಿದ್ಯಾರ್ಥಿಯ ಹೆಸರು ಕಡತದ ತಲೆಯಲ್ಲಿಯೇ ದಾಖಲಾಗುತ್ತದೆ. ಈ ಸಂಶೋಧನ ಪತ್ರಿಕೆಯೂ ಸೇರಿದಂತೆ ನಮ್ಮ ನಿಯತಕಾಲಿಕೆಗಳು ಲೇಖಕರಿಂದ ಓಪನ್‌ಡಾಕ್ಯುಮೆಂಟ್ ರೂಪದ ಯೂನಿಕೋಡ್ ಕಡತವನ್ನೇ ಪಡೆದು, ಅಚ್ಚಿನವರೆಗೂ ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕು. ೨೦೦೬ರಿಂದ ಅದು ಅಂತಾರಾಷ್ಟ್ರೀಯ ಶಿಷ್ಟತೆಯಾಗಿದೆ. ಹೊಸ ಯಂತ್ರಗಳ ಖರೀದಿ ಬೇಕಿಲ್ಲದ ಈ ಬದಲಾವಣೆಗೆ ಸಂಪಾದಕ ಮಂಡಳಿಯ ಒಂದು ನಿರ್ಣಯ ಸಾಕಾಗುತ್ತದೆ.